ಉಕ್ಕಿನ ಊರಿನ ಬ್ಯಾಕ್ ಆಟಗಾರ

ಹೊಸಪೇಟೆಯಿಂದ ಬಳ್ಳಾರಿಗೆ ರೈಲಿನಲ್ಲಿ ಹೊರಟವರಿಗೆ ತೋರಣಗಲ್ಲು ನಿಲ್ದಾಣ ಇನ್ನೂ ದೂರವಿರುವಾಗಲೇ ಬಾನಂಚಿನಲ್ಲಿ ಹೊಗೆಗೊಳವೆಗಳ ಸಾಲು ಗೋಚರಿಸತೊಡಗುತ್ತದೆ. ಬಲಗಡೆ ಸಂಡೂರಿನ ಬೆಟ್ಟಗಳು ನೀಲಿಯಾಗಿ ಹಬ್ಬಿವೆ. ಆ ನೀಲಿಯ ಗರ್ಭದಲ್ಲಿರುವುದೆಲ್ಲ ಕೆಂಪು ಅದಿರು. ಕಾರ್ಖಾನೆಯ ಆವರಣಕ್ಕೆ ಅಂಟಿಕೊಂಡಂತೆ ಇರುವ ಊರು ಕುರೆಕುಪ್ಪ. ಒಂದು ಕಾಲಕ್ಕೆ ಜೋಳದ ಹೊಲಗಳ ನಡುವಿನ ಹಳ್ಳಿ, ಈಗ ಪುರಸಭೆಯುಳ್ಳ ಪಟ್ಟಣ. 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಈ ಸೀಮೆಯಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದರು. ಕಲ್ಲು ನೆಟ್ಟದ್ದಾಯಿತೇ ಹೊರತು ಆ ಸರಕಾರೀ ಕಾರ್ಖಾನೆ ಮೇಲೇಳಲೇ ಇಲ್ಲ. 1994ರಲ್ಲಿ ಸ್ಥಾಪಿತವಾದ ಜಿಂದಾಲ್ ಸಂಸ್ಥೆ ಮುಂದೆ ಅಲ್ಲಿ ಕುಲುಮೆ ಹೊತ್ತಿಸಿತು. ಇಂದು ಅಲ್ಲಿಂದ ಹೊರಬೀಳುವ ಉಕ್ಕು ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಮಿಗಿಲು.

ಉಕ್ಕಿನ ಈ ಕಥೆಗೂ ಕಾಲ್ಚೆಂಡಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ಹಣದ್ದು, ಆಮೇಲೆ ನೆಲದ್ದು. 2013ರ ಜುಲೈಯಲ್ಲಿ ಇದೇ ಸಂಸ್ಥೆ ರಾಜಧಾನಿಯಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ ಎಂಬ ತಂಡವನ್ನು ಕಟ್ಟಿತು. ನಾಲ್ಕು ವರ್ಷಗಳ ತರುವಾಯ, 2017ರಲ್ಲಿ, ಆ ಕ್ಲಬ್ಬಿನ ಎಳೆಯ ಆಟಗಾರರ ವಸತಿ ಶಾಲೆಯೊಂದು ಈ ಕಾರ್ಖಾನೆಯ ವಸಾಹತಿನಲ್ಲೇ ತೆರೆಯಿತು. 2018ರಲ್ಲಿ ಅದರ ಮಗ್ಗುಲಲ್ಲೇ ಕುಸ್ತಿ, ಮುಷ್ಟಿಯುದ್ಧ, ಜೂಡೋ, ಓಟಗಳಿಗೆ ಮೀಸಲಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯೂ ಬಂದಿತು. ಕೆಂಪು ಧೂಳಿನ ನಾಡಿನಲ್ಲಿ ಹಸಿರು ಹುಲ್ಲಿನ ಅಂಗಣ ಹಾಸಿದ ಈ ಕ್ಲಬ್ಬು ತನ್ನ ಮೊದಲ ವರ್ಷದಲ್ಲಿ ಕೋಟೆ ಕಾಯಲು ಕರೆಸಿಕೊಂಡ ಪರದೇಶದ ಆಟಗಾರರಲ್ಲಿ ಒಬ್ಬ ಇಪ್ಪತ್ತನಾಲ್ಕರ ತರುಣನಿದ್ದ. ಹೆಸರು ಜಾನ್ ಜಾನ್ಸನ್. ಅವನೂ ಒಂದು ಉಕ್ಕಿನ ಊರಿನಿಂದಲೇ ಬಂದಿದ್ದ ಎಂಬುದು ಕೇವಲ ಆಕಸ್ಮಿಕ. ಆದರೆ ಆಕಸ್ಮಿಕಗಳಲ್ಲಿ ಕೆಲವು ಬಹಳ ಸೊಗಸಾಗಿರುತ್ತವೆ.

ಇನ್ನೊಂದು ಉಕ್ಕಿನ ಊರು

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಟೀಸ್ ನದಿಯ ದಂಡೆಯ ಮೇಲೆ ಮಿಡಲ್ಸ್‌ಬರೊ ಎಂಬ ಪಟ್ಟಣವಿದೆ. 1801ರ ಜನಗಣತಿಯಲ್ಲಿ ಅಲ್ಲಿದ್ದವರು ಕೇವಲ 25 ಮಂದಿ. 1850ರಲ್ಲಿ ಪಕ್ಕದ ಎಸ್ಟನ್ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಸಿಕ್ಕಿತು. ಇಪ್ಪತ್ತೊಂದು ವರ್ಷ ಕಳೆಯುವಷ್ಟರಲ್ಲಿ ಊರಿನ ಜನಸಂಖ್ಯೆ ನಲವತ್ತು ಸಾವಿರದ ಸಮೀಪಕ್ಕೆ ಬಂದಿತ್ತು. 1862ರಲ್ಲಿ ಅಲ್ಲಿಗೆ ಭೇಟಿಯಿತ್ತ ಗ್ಲಾಡ್‌ಸ್ಟನ್ ಅದನ್ನು ತೊಟ್ಟಿಲಲ್ಲೇ ಬಲ ತೋರಿಸುವ ಹರ್ಕ್ಯುಲಿಸ್ ಶಿಶುವಿಗೆ ಹೋಲಿಸಿದ. ನಮ್ಮವರಾಗಿದ್ದರೆ ಬಾಲಭೀಮನೆನ್ನುತ್ತಿದ್ದರು. 1932ರಲ್ಲಿ ಸಂಚಾರಕ್ಕೆ ತೆರೆದ ಸಿಡ್ನಿ ಬಂದರಿನ ಮಹಾಸೇತುವೆಯನ್ನು ಕಟ್ಟಿದ ಡಾರ್ಮನ್ ಲಾಂಗ್ ಕಂಪನಿ ಈ ಊರಿನದೇ.

ಅಂಥ ಊರುಗಳಲ್ಲಿ ಕಾಲ್ಚೆಂಡಾಟ ಕೇವಲ ವಿನೋದವಲ್ಲ. ವಾರವೆಲ್ಲ ಕುಲುಮೆಯ ಮುಂದೆ ಬೆಂದವನಿಗೆ ಶನಿವಾರ ಮಧ್ಯಾಹ್ನದ ಪಂದ್ಯ ಒಂದು ಜಾತ್ರೆ. ಮಿಡಲ್ಸ್‌ಬರೊ ಕ್ಲಬ್ಬು ಹುಟ್ಟಿದ್ದು 1876ರಲ್ಲಿ. 1988ರ ಸೆಪ್ಟೆಂಬರ್ 16ರಂದು ಅದೇ ಊರಿನಲ್ಲಿ ಹುಟ್ಟಿದ ಜಾನ್ಸನ್ ಆ ಕ್ಲಬ್ಬಿನ ಕಿರಿಯರ ಶಾಲೆಯಲ್ಲೇ ಆಟ ಕಲಿತ. ಕಲಿತವರಿಗೆಲ್ಲ ಹಿರಿಯರ ತಂಡದಲ್ಲಿ ಎಡೆ ದೊರೆಯುವುದಿಲ್ಲ. ಅವನಿಗೂ ಅದು ನೆಲೆಯಾಗಿ ದೊರೆಯಲಿಲ್ಲ. ಅಲ್ಲಿಂದ ಎರವಲು ಆಟಗಾರನಾಗಿ ಬೇರೆಡೆಗೆ ಹೋಗಿ, ಕೊನೆಗೆ ನಾರ್ತಾಂಪ್ಟನ್ ಪಟ್ಟಣದ ತಂಡದಲ್ಲಿ ನಿಂತ. ಅದು ಇಂಗ್ಲಿಷ್ ಲೀಗಿನ ನಾಲ್ಕನೆಯ ಅಂತಸ್ತು. ಅಲ್ಲಿನ ಆಟಗಾರರಿಗೆ ಹೊಟ್ಟೆಗೆ ಸಾಲದೆನ್ನುವಂತಿಲ್ಲ, ಹೆಸರಿಗಂತೂ ಸಾಲದು. ಒಪ್ಪಂದಗಳು ಒಂದೆರಡು ವರ್ಷದವು, ಪ್ರತಿ ಬೇಸಿಗೆಯೂ ಒಂದು ಪರೀಕ್ಷೆ. 2013ರ ಮೇ 18ರಂದು, ಮೇಲಿನ ಅಂತಸ್ತಿಗೇರಲು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ನಿರ್ಣಾಯಕ ಪಂದ್ಯದಲ್ಲಿ ನಾರ್ತಾಂಪ್ಟನ್ ತಂಡ ಬ್ರಾಡ್‌ಫರ್ಡ್ ತಂಡಕ್ಕೆ 3-0ಯಿಂದ ಸೋತಿತು. ಆ ಬೇಸಿಗೆಯಲ್ಲೇ ಜಾನ್ಸನ್ ಊರು ಬಿಟ್ಟ. ಬಂದು ಇಳಿದದ್ದು ಬೆಂಗಳೂರಿನಲ್ಲಿ.

ಅವನನ್ನು ಬರಮಾಡಿಕೊಂಡ ತರಬೇತುದಾರ ಆಶ್ಲಿ ವೆಸ್ಟ್‌ವುಡ್ ಕೂಡ ಒಂದು ಕಾಲಕ್ಕೆ ಬ್ಯಾಕ್ ಆಟಗಾರನೇ. ಮ್ಯಾಂಚೆಸ್ಟರ್ ಯುನೈಟೆಡ್ಡಿನ ಕಿರಿಯರ ತಂಡದಲ್ಲಿ ಬೆಳೆದು, ಹಲವು ಊರುಗಳಲ್ಲಿ ಆಡಿ, ನಾರ್ತಾಂಪ್ಟನ್ನಿನಲ್ಲೂ ಒಂದೆರಡು ವರ್ಷ ಕಳೆದವನು. ಒಬ್ಬ ಕಾವಲುಗಾರನ ಕಣ್ಣಿಗೆ ಇನ್ನೊಬ್ಬ ಕಾವಲುಗಾರ ಬಿದ್ದದ್ದು ಸಹಜವೇ ಸರಿ.

ಕೋಟೆಯ ಒಳಸುತ್ತು

ಬ್ಯಾಕ್ ಆಟಗಾರನ ಕೆಲಸವೇನೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಿಬಿಡುವುದು ಲೇಸು. ಪ್ರೇಕ್ಷಕರ ದೃಷ್ಟಿ ಸದಾ ಚೆಂಡಿನ ಮೇಲಿರುವುದರಿಂದ ಅವನು ಕಣ್ಣಿಗೆ ಬೀಳುವುದೇ ಅಪರೂಪ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕ್ ಆ ನಗರಕ್ಕೆ ಒಂದರೊಳಗೊಂದರಂತೆ ಏಳು ಸುತ್ತಿನ ಕೋಟೆಯಿತ್ತೆಂದು ಬರೆದಿದ್ದಾನೆ. ಕಾಲ್ಚೆಂಡಿನ ತಂಡವೂ ಹಾಗೆಯೇ. ಮುಂದಿನ ಸಾಲಿನವರು ಹೊರಸುತ್ತು, ನಡುವಿನವರು ನಡುಸುತ್ತು. ನಡುಬ್ಯಾಕ್‌ಗಳಿಬ್ಬರು ಒಳಸುತ್ತು. ಅವರ ಹಿಂದೆ ಗೋಲ್‌ಕೀಪರನೊಬ್ಬನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಹೊರಸುತ್ತಿನವನು ತಪ್ಪಿದರೆ ಇನ್ನೊಬ್ಬ ಸರಿಪಡಿಸಬಲ್ಲ. ಒಳಸುತ್ತಿನವನ ತಪ್ಪು ಫಲಕದ ಮೇಲೆ ಅಂಕಿಯಾಗಿ ಬೀಳುತ್ತದೆ.

ಆದ್ದರಿಂದ ಒಳ್ಳೆಯ ಬ್ಯಾಕ್ ಆಟಗಾರ ಓಡುವುದಕ್ಕಿಂತ ನಿಲ್ಲುವುದನ್ನು ಹೆಚ್ಚಾಗಿ ಅಭ್ಯಾಸ ಮಾಡುತ್ತಾನೆ. ಎಲ್ಲಿ ನಿಲ್ಲಬೇಕು, ಎದುರಾಳಿಯನ್ನು ಯಾವ ಮಗ್ಗುಲಿಗೆ ತಳ್ಳಬೇಕು, ಯಾವಾಗ ಒಂದು ಹೆಜ್ಜೆ ಮುಂದಿಟ್ಟು ಅವನನ್ನು ಆಫ್‌ಸೈಡ್ ಬಲೆಯಲ್ಲಿ ಕೆಡವಬೇಕು ಎಂಬ ಲೆಕ್ಕ ಅವನ ತಲೆಯಲ್ಲಿ ತೊಂಬತ್ತು ನಿಮಿಷವೂ ನಡೆಯುತ್ತಿರುತ್ತದೆ. ನೆಲಕ್ಕೆ ಬಿದ್ದು ಜಾರಿ ಚೆಂಡು ಕಸಿಯುವುದು ನೋಡಲು ಬಲು ಚೆಂದ. ಆದರೆ ಹಾಗೆ ಜಾರುವ ಪ್ರಸಂಗ ಬಂದಿತೆಂದರೆ ಅದಕ್ಕೆ ಮೊದಲಿನ ಲೆಕ್ಕ ಎಲ್ಲಿಯೋ ತಪ್ಪಿದೆ ಎಂದೇ ಅರ್ಥ. ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಆಗದೆ ಉಳಿದ ಗೋಲಿಗೆ ಪತ್ರಿಕೆಯಲ್ಲಿ ಅಂಕಣವಿಲ್ಲ.

ಅವನಿಗೆ ದೊರೆಯುವ ಬಿಡುವು ಒಂದೇ: ತನ್ನ ತಂಡಕ್ಕೆ ಕಾರ್ನರ್ ಕಿಕ್ ಬಂದ ಗಳಿಗೆ. ಆಗ ಎತ್ತರದ ಬ್ಯಾಕ್‌ಗಳು ತಮ್ಮ ಕಾವಲನ್ನು ಸಹಆಟಗಾರರಿಗೊಪ್ಪಿಸಿ, ಮೈದಾನದ ಉದ್ದಕ್ಕೂ ಸಾವಧಾನವಾಗಿ ನಡೆದು, ಎದುರಾಳಿಯ ಗೋಲಿನ ಮುಂದೆ ಹೋಗಿ ನಿಲ್ಲುತ್ತಾರೆ. ಮೂಲೆಯಿಂದ ತೇಲಿಬರುವ ಚೆಂಡಿಗೆ ತಲೆ ಕೊಡಬಲ್ಲ ಎತ್ತರ, ಮೈಕಟ್ಟು ಮತ್ತು ಎದೆಗಾರಿಕೆ ಅವರಲ್ಲಿರುತ್ತದೆ. ಈ ಕಾರ್ನರ್ ಕಿಕ್ಕನ್ನು ವಾಚಕರು ನೆನಪಿಡಬೇಕು. ಜಾನ್ಸನ್ನನ ಬೆಂಗಳೂರಿನ ಐದು ವರ್ಷಗಳ ಭಾಗ್ಯ, ದುರ್ಭಾಗ್ಯಗಳೆರಡೂ ಆ ಮೂಲೆಯಿಂದಲೇ ಬಂದವು.

ಬೆಂಗಳೂರಿನ ಹಳೆಯ ಋಣ

ಬೆಂಗಳೂರಿಗೆ ಕಾಲ್ಚೆಂಡಾಟ ಹೊಸದಲ್ಲ. ದಂಡಿನ ಪ್ರದೇಶದ ಗೋರಾ ಸೋಲ್ಜರುಗಳನ್ನು ನೋಡಿ ಕಲಿತು, ಬರಿಗಾಲಿನಲ್ಲಿ ಅವರನ್ನೇ ಸೋಲಿಸಿದ ಹುಡುಗರ ಊರು ಇದು. 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತ ತಂಡದಲ್ಲಿ ಅಹಮದ್ ಖಾನ್, ಸಾರಂಗಪಾಣಿ ರಾಮನ್, ವಜ್ರವೇಲು, ಬಷೀರ್ ಮೊದಲಾದವರು ಈ ಸೀಮೆಯವರು. ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ರಾಮನ್. ಬಹುಪಾಲು ಬರಿಗಾಲಿನ ಆ ತಂಡ ಒಲಿಂಪಿಕ್ಸಿನ ನಂತರ ಹಾಲೆಂಡಿಗೆ ಹೋಗಿ ಆಮ್‌ಸ್ಟರ್‌ಡ್ಯಾಮಿನ ಹೆಸರಾಂತ ಅಯಾಕ್ಸ್ ತಂಡವನ್ನು 5-1ರಿಂದ ಸೋಲಿಸಿತೆಂದರೆ ಇಂದಿನ ಹುಡುಗರು ನಂಬಲಾರರು. ರಾಷ್ಟ್ರೀಯ ಪ್ರಶಸ್ತಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು 1946-47ರಲ್ಲಿ ಮೊದಲಬಾರಿಗೆ, ಅನಂತರ 1952ರಲ್ಲಿ, 1967 ಮತ್ತು 1968ರ ಸಾಲುಗಳಲ್ಲಿ ಗೆದ್ದಿತ್ತು.

ಆದರೆ ಬೆಂಗಳೂರಿನ ಪ್ರತಿಭೆಗೆ ಬೆಂಗಳೂರಿನಲ್ಲಿ ಅನ್ನವಿರಲಿಲ್ಲ. ಅಹಮದ್ ಖಾನ್ ಕಲಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡದ ಪಂಚಪಾಂಡವರಲ್ಲಿ ಒಬ್ಬರಾದರು. ಉಳಿದವರು ಹಿಂದೂಸ್ತಾನ್ ಏರೋನಾಟಿಕ್ಸ್, ಟೆಲಿಫೋನ್ ಕಾರ್ಖಾನೆಗಳ ತಂಡಗಳಲ್ಲಿ ನೌಕರಿಯ ಜೊತೆಗೆ ಆಟವಾಡಿದರು. ಬೆಳಗ್ಗೆ ಲೇತು, ಸಂಜೆ ಚೆಂಡು. ಆಟವನ್ನೇ ವೃತ್ತಿಯಾಗಿ, ಸ್ವಂತ ಊರಿನ ಹೆಸರಿನಲ್ಲಿ, ತಿಂಗಳ ಸಂಬಳಕ್ಕೆ ಆಡುವ ಏರ್ಪಾಡು ದೊಡ್ಡ ಪ್ರಮಾಣದಲ್ಲಿ ಬಂದದ್ದು 2013ರ ಕ್ಲಬ್ಬಿನಿಂದ. ಅದು ಸಂಡೂರಿನ ಅದಿರಿನ ಆದಾಯದಿಂದ ಬಂದಿತೆಂಬುದನ್ನು ಒಪ್ಪಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಆ ಬೆಟ್ಟಗಳು ಸವೆದದ್ದನ್ನು ಮರೆಯಬೇಕಾಗಿಯೂ ಇಲ್ಲ.

ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 2013ರ ಸೆಪ್ಟೆಂಬರ್ 22ರಂದು ಹೊಸ ತಂಡ ಕಲಕತ್ತೆಯ ಮೋಹನ್ ಬಗಾನ್ ವಿರುದ್ಧ ತನ್ನ ಪ್ರಥಮ ಲೀಗ್ ಪಂದ್ಯವನ್ನಾಡಿ 1-1ರಲ್ಲಿ ಸಮ ಮಾಡಿಕೊಂಡಿತು. ಮುಂದೆ ನಾಯಕ ಸುನೀಲ್ ಛೇತ್ರಿ ಗೋಲು ಹೊಡೆಯುತ್ತಿದ್ದ. ಹಿಂದೆ ಜಾನ್ಸನ್ ಮತ್ತು ಕೀನ್ಯಾ ದೇಶದ ಕರ್ಟಿಸ್ ಒಸಾನೊ ಗೋಲು ತಡೆಯುತ್ತಿದ್ದರು. ನಿನ್ನೆ ಮೊನ್ನೆ ಹುಟ್ಟಿದ ತಂಡ ನೂರು ವರ್ಷದ ತಂಡಗಳಿಗೆ ಹೆದರಲಿಲ್ಲ. 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಮಣಿಸಿ, ಒಂದು ಪಂದ್ಯ ಇನ್ನೂ ಬಾಕಿಯಿರುವಾಗಲೇ ಐ-ಲೀಗ್ ಪಟ್ಟವನ್ನೇರಿತು. ಮೊದಲ ವರ್ಷವೇ ರಾಷ್ಟ್ರದ ಕಿರೀಟ! ಮರುವರ್ಷ ಜನವರಿಯಲ್ಲಿ ಅದೇ ಡೆಂಪೊ ತಂಡವನ್ನು ಸೋಲಿಸಿ ಫೆಡರೇಷನ್ ಕಪ್ಪನ್ನೂ ತಂದಿತು.

ಮೂರು ನಿಮಿಷ

ಎರಡನೆಯ ವರ್ಷದಿಂದ ತಂಡದ ಮನೆ ಕಂಠೀರವ ಕ್ರೀಡಾಂಗಣ. ಮಲ್ಲವಿದ್ಯೆಯಲ್ಲಿ ಹೆಸರಾದ ರಣಧೀರ ಕಂಠೀರವ ನರಸರಾಜ ಒಡೆಯರ ನೆನಪಿನ ಆ ಅಂಗಣ ಅಸಲಿಗೆ ಓಟದ ಸ್ಪರ್ಧೆಗಳಿಗೆ ಕಟ್ಟಿದ್ದು. ಪ್ರೇಕ್ಷಕರಿಗೂ ಹುಲ್ಲಿಗೂ ನಡುವೆ ಓಟದ ಹಾದಿ ಬಳಸಿದೆ. ಆದರೂ ಪಶ್ಚಿಮ ದಿಕ್ಕಿನ ಮೆಟ್ಟಿಲುಗಳಲ್ಲಿ ನೀಲಿ ಅಂಗಿ ತೊಟ್ಟ ಯುವಕರು ತೊಂಬತ್ತು ನಿಮಿಷವೂ ನಿಂತೇ ಹಾಡುವುದು ಅಲ್ಲಿನ ಸಂಪ್ರದಾಯವಾಯಿತು. ಗಂಟಲು ಕಟ್ಟಿದ ಇಂಜಿನಿಯರುಗಳು ಮರುದಿನ ಕಚೇರಿಯಲ್ಲಿ ಸನ್ನೆಯಿಂದ ಮಾತನಾಡುತ್ತಿದ್ದರೆಂಬ ತಮಾಷೆ ಉತ್ಪ್ರೇಕ್ಷೆಯಿರಬಹುದು, ಸುಳ್ಳಂತೂ ಅಲ್ಲ.

2015ರ ಮೇ 31. ಲೀಗಿನ ಕೊನೆಯ ಪಂದ್ಯ, ಎದುರಿಗೆ ಮತ್ತೆ ಮೋಹನ್ ಬಗಾನ್. ಪಟ್ಟಿಯಲ್ಲಿ ಮೊದಲ ಎರಡು ಸ್ಥಾನಗಳಲ್ಲಿದ್ದ ತಂಡಗಳೇ ಕೊನೆಯ ದಿನ ಎದುರುಬದುರಾಗುವ ಯೋಗ ದೊರೆತದ್ದು ಅಪರೂಪ. ಬಗಾನ್‌ಗೆ ಸಮ ಸಾಕು. ಬೆಂಗಳೂರಿಗೆ ಗೆಲುವೇ ಬೇಕು. ಗೆದ್ದರೆ ಸತತ ಎರಡನೆಯ ಕಿರೀಟ.

41ನೆಯ ನಿಮಿಷದಲ್ಲಿ ಬೆಂಗಳೂರಿಗೆ ಕಾರ್ನರ್ ಕಿಕ್ ದೊರೆಯಿತು. ಜಾನ್ಸನ್ ತನ್ನ ಪದ್ಧತಿಯಂತೆ ಹಿಂದಿನಿಂದ ನಡೆದು ಬಂದ. ಚೆಂಡು ತೇಲಿ ಬಂದಿತು. ನೆಗೆದವನ ತಲೆ ಉಳಿದೆಲ್ಲ ತಲೆಗಳಿಗಿಂತ ಮೇಲಿತ್ತು. ಗೋಲು! ಕಂಠೀರವದ ಕಾಂಕ್ರೀಟು ನಡುಗಿತೆಂದರೆ ಅತಿಶಯವಲ್ಲ. ಛೇತ್ರಿಯಂಥ ಹೆಸರಾಂತ ಗೋಲುಗಾರರಿದ್ದ ತಂಡಕ್ಕೆ ವರ್ಷದ ಅತ್ಯಂತ ಮಹತ್ತ್ವದ ಗೋಲನ್ನು ತಂದಿತ್ತವನು ಗೋಲು ತಡೆಯಲು ಸಂಬಳ ಪಡೆಯುವವನು.

ಅಲ್ಲಿಂದ ಮುಂದಿನದು ಅವನ ನಿಜವಾದ ಕಸಬು. ದ್ವಿತೀಯಾರ್ಧವೆಲ್ಲ ಬಗಾನ್ ತಂಡ ಮುತ್ತಿಗೆ ಹಾಕಿತು. ಹೈಟಿ ದೇಶದ ಸೋನಿ ನಾರ್ಡೆ ಮಗ್ಗುಲಿನಿಂದ ಕೊರೆದು ನುಗ್ಗುತ್ತಿದ್ದ. ಅರುವತ್ತು ನಿಮಿಷ, ಎಪ್ಪತ್ತು, ಎಂಬತ್ತು. ಕೋಟೆ ನಿಂತಿತ್ತು. 87ನೆಯ ನಿಮಿಷದಲ್ಲಿ ಬಗಾನ್‌ಗೂ ಒಂದು ಕಾರ್ನರ್ ಕಿಕ್ ದೊರೆಯಿತು. ನಾರ್ಡೆ ಒದ್ದ ಚೆಂಡಿಗೆ ತಲೆ ಕೊಟ್ಟವನು ನೈಜೀರಿಯದ ಬೆಲ್ಲೊ ರಜಾಕ್. ಅವನೂ ನಡುಬ್ಯಾಕ್! ಅವನೂ ತನ್ನ ಕಾವಲು ಬಿಟ್ಟು ಮೈದಾನದ ಉದ್ದಕ್ಕೂ ನಡೆದು ಬಂದವನೇ. ಪಂದ್ಯ 1-1. ಹದಿಮೂರು ವರ್ಷಗಳ ಬಳಿಕ ರಾಷ್ಟ್ರೀಯ ಕಿರೀಟ ಬಗಾನ್ ಪಾಲಾಯಿತು.

ಇನ್ನು ಮೂರು ನಿಮಿಷ ಕೋಟೆ ನಿಂತಿದ್ದರೆ ಜಾನ್ಸನ್ನನ ಗೋಲು ಬೆಂಗಳೂರಿನ ಮಕ್ಕಳ ಬಾಯಲ್ಲಿ ಕಥೆಯಾಗಿ ಉಳಿಯುತ್ತಿತ್ತು. ಈಗ ಅದು ಅಂಕಿ ಅಂಶಗಳ ಪುಸ್ತಕದಲ್ಲಿ ಒಂದು ಸಾಲು. ಅವನ ಗೋಲನ್ನು ಅಳಿಸಿದ್ದು ಅವನದೇ ಕಸಬಿನ ಇನ್ನೊಬ್ಬ ಎಂಬುದು ಆ ಸಂಜೆಯ ಕ್ರೂರ ಹಾಸ್ಯ. ದೋಷ ಯಾರದೆಂಬ ಚರ್ಚೆ ಅಂದೂ ನಡೆಯಿತು, ಅದರಿಂದ ಫಲವಿಲ್ಲ. ಕಾರ್ನರ್ ಕಿಕ್ಕಿನಲ್ಲಿ ಹತ್ತು ಮಂದಿ ಹತ್ತು ಮಂದಿಯನ್ನು ಹಿಡಿದು ನಿಂತಿರುವಾಗ ಚೆಂಡು ಒಂದು ಗೇಣು ಆಚೀಚೆ ಬಿದ್ದರೆ ಸಾಕು.

ಅದೇ ವರ್ಷದ ಅಕ್ಟೋಬರಿನಲ್ಲಿ, ಮಿಡಲ್ಸ್‌ಬರೊ ಸಮೀಪದ ರೆಡ್‌ಕಾರ್ ಕಾರ್ಖಾನೆಯ ದೊಡ್ಡ ಕುಲುಮೆ ಆರಿತು. ಟೀಸ್ ನದಿಯ ದಂಡೆಯಲ್ಲಿ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದುಬಂದ ಕಬ್ಬಿಣ ಕರಗಿಸುವ ಉದ್ಯೋಗ ಅಲ್ಲಿಗೆ ಮುಗಿಯಿತು. ಸುಮಾರು ಎರಡು ಸಾವಿರ ಮಂದಿ ಕೆಲಸ ಕಳೆದುಕೊಂಡರು. ಕುರೆಕುಪ್ಪದ ಮಗ್ಗುಲಿನ ಕುಲುಮೆಗಳು ಆಗ ಹಗಲಿರುಳೂ ಉರಿಯುತ್ತಿದ್ದವು. ಆ ಊರಿನ ಮಗ ಈ ಕುಲುಮೆಯ ಸಂಬಳದಲ್ಲಿ ಬೆಂಗಳೂರಿನ ಕೋಟೆ ಕಾಯುತ್ತಿದ್ದ. ಕಬ್ಬಿಣದ ಭಾಗ್ಯಚಕ್ರ ಹೇಗೆ ತಿರುಗಿತೆಂಬುದಕ್ಕೆ ಅರ್ಥಶಾಸ್ತ್ರಜ್ಞರು ಬೇರೆ ದೃಷ್ಟಾಂತ ಹುಡುಕಬೇಕಾಗಿಲ್ಲ.

ಹಾಲೆಂಡಿನಿಂದ ಬಂದ ಪಾಠ

2016ರ ಏಪ್ರಿಲ್‌ನಲ್ಲಿ ತಂಡ ಐ-ಲೀಗ್ ಕಿರೀಟವನ್ನು ಮರಳಿ ಪಡೆಯಿತು. ಜಾನ್ಸನ್ನನಿಗೆ ಇದು ಎರಡನೆಯದು. ಅದಾದೊಡನೆ ವೆಸ್ಟ್‌ವುಡ್ ನಿರ್ಗಮಿಸಿ, ಸ್ಪೇನಿನ ಆಲ್ಬರ್ಟ್ ರೋಕಾ ಅವರ ಸ್ಥಾನಕ್ಕೆ ಬಂದರು. ಜಾನ್ಸನ್ ಅಷ್ಟರವರೆಗೆ ಕಲಿತದ್ದನ್ನು ಮತ್ತೊಮ್ಮೆ ಕಲಿಯಬೇಕಾಗಿ ಬಂದದ್ದು ಆಗ.

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಇಂಗ್ಲೆಂಡಿನ ಕೆಳ ಅಂತಸ್ತಿನ ಲೀಗುಗಳಲ್ಲಿ ಬ್ಯಾಕ್ ಆಟಗಾರನಿಗೆ ಕಲಿಸುವ ಮೊದಲ ಮಂತ್ರ ಒಂದೇ: ಅಪಾಯ ಬಂದಾಗ ಚೆಂಡನ್ನು ಆದಷ್ಟು ದೂರ ಒದ್ದುಬಿಡು. ಅದರಲ್ಲಿ ತಪ್ಪೇನೂ ಇಲ್ಲ. ಕೆಸರು ನೆಲದಲ್ಲಿ, ಗಾಳಿಮಳೆಯಲ್ಲಿ ಅದೇ ವಿವೇಕ. ಆದರೆ ಹಾಲೆಂಡಿನವರು ಬೇರೊಂದು ದಾರಿ ಹಿಡಿದಿದ್ದರು. ರೀನಸ್ ಮಿಖೆಲ್ಸ್ ಎಂಬ ಗುರು ಅಯಾಕ್ಸ್ ತಂಡಕ್ಕೂ, 1974ರ ವಿಶ್ವಕಪ್ಪಿನಲ್ಲಿ ಡಚ್ಚರ ರಾಷ್ಟ್ರತಂಡಕ್ಕೂ ಕಲಿಸಿದ ಆ ಪದ್ಧತಿಯಲ್ಲಿ ಬ್ಯಾಕ್ ಆಟಗಾರ ಬರಿಯ ಕಾವಲುಗಾರನಲ್ಲ, ಆಕ್ರಮಣದ ಮೊದಲ ಹೆಜ್ಜೆ ಇಡುವವನೂ ಅವನೇ. ಚೆಂಡು ಕಸಿದ ಮರುಕ್ಷಣ ತಲೆಯೆತ್ತಿ ನೋಡಬೇಕು, ಯಾರ ಕಾಲಿಗೆ ಕೊಟ್ಟರೆ ಆಟ ಬೆಳೆಯುವುದೋ ಅವನಿಗೆ ಕೊಡಬೇಕು. 1988ರಲ್ಲಿ ಯುರೋಪಿನ ಕಿರೀಟ ಗೆದ್ದ ಡಚ್ ತಂಡದ ನಡುಬ್ಯಾಕ್‌ಗಳಾದ ರೊನಾಲ್ಡ್ ಕೂಮನ್ ಮತ್ತು ಫ್ರಾಂಕ್ ರೈಕಾರ್ಡ್ ಈ ವಿದ್ಯೆಯ ಪರಮಾಚಾರ್ಯರು. ಜಾನ್ಸನ್ ಹುಟ್ಟ ವರ್ಷವೂ ಅದೇ. ಮುಂದೆ ರೈಕಾರ್ಡ್ 2003ರಿಂದ 2008ರವರೆಗೆ ಸ್ಪೇನಿನ ಬಾರ್ಸೆಲೋನಾ ತಂಡದ ಗುರುವಾದಾಗ ಅವರ ಸಹಾಯಕರ ಬಳಗದಲ್ಲಿ ಇದ್ದವರು ಇದೇ ಆಲ್ಬರ್ಟ್ ರೋಕಾ. ಆಮ್‌ಸ್ಟರ್‌ಡ್ಯಾಮಿನ ಪಾಠ ಬಾರ್ಸೆಲೋನಾ ದಾರಿಯಾಗಿ ಕಂಠೀರವಕ್ಕೆ ತಲಪಿತು.

ಇಪ್ಪತ್ತೆಂಟರ ಅಂಚಿನಲ್ಲಿದ್ದವನಿಗೆ ಇದು ಸುಲಭವಲ್ಲ. ಸಂಗೀತಗಾರನೊಬ್ಬನಿಗೆ ನಡುವಯಸ್ಸಿನಲ್ಲಿ ಬಾನಿ ಬದಲಾಯಿಸೆಂದು ಹೇಳಿದಂತೆ. ಹೊಸ ಗುರು ಬಂದಾಗ ಹಳೆಯ ಆಟಗಾರರು ಬಾಗಿಲ ದಾರಿ ಹಿಡಿಯುವುದೇ ಈ ವೃತ್ತಿಯಲ್ಲಿ ವಾಡಿಕೆ. ಜಾನ್ಸನ್ ಉಳಿದ. ಆ ವರ್ಷವೇ ಬಂದ ಸ್ಪೇನಿನ ಹುವಾನನ್ ಜೊತೆ ನಡುಬ್ಯಾಕ್ ಜೋಡಿಯಾಗಿ, ಚೆಂಡನ್ನು ಒದೆಯುವ ಬದಲು ಕೊಡುವುದನ್ನು ರೂಢಿಸಿಕೊಂಡ. ನೂರಕ್ಕೂ ಹೆಚ್ಚು ಪಂದ್ಯಗಳನ್ನು ಅವನು ನೀಲಿ ಅಂಗಿಯಲ್ಲಿ ಆಡಿದ. ಪರದೇಶಿ ಆಟಗಾರರು ಹಬ್ಬಕ್ಕೆ ಬಂದ ನೆಂಟರಂತೆ ಒಂದು ವರ್ಷ ಇದ್ದು ಹೋಗುವ ನಮ್ಮ ಲೀಗುಗಳಲ್ಲಿ ಐದು ವರ್ಷದ ಬಾಳುವೆ ಸಣ್ಣ ಮಾತಲ್ಲ.

ರೋಕಾ ಬಂದ ವರ್ಷವೇ ತಂಡ ಏಷ್ಯಾ ಖಂಡದ ಎ.ಎಫ್.ಸಿ. ಕಪ್ಪಿನಲ್ಲಿ ಹಾಲಿ ವಿಜೇತರಾದ ಮಲೇಷಿಯದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿ ಅಂತಿಮ ಪಂದ್ಯಕ್ಕೇರಿತು. ಭಾರತದ ಯಾವ ಕ್ಲಬ್ಬೂ ಆ ಮೊದಲು ಅಲ್ಲಿಗೆ ಏರಿರಲಿಲ್ಲ. 2016ರ ನವೆಂಬರ್ 5ರಂದು ದೋಹಾ ನಗರದಲ್ಲಿ ಇರಾಕಿನ ವಾಯುಪಡೆಯ ತಂಡದೆದುರು ಎಪ್ಪತ್ತು ನಿಮಿಷ ಕೋಟೆ ನಿಂತಿತು. 71ನೆಯ ನಿಮಿಷದಲ್ಲಿ ಹಮ್ಮಾದಿ ಅಹಮದ್ ಹೊಡೆದ ಒಂದೇ ಗೋಲಿನಿಂದ ಬಿತ್ತು. ಮರುವರ್ಷ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಬಗಾನ್ ತಂಡವನ್ನೇ 2-0ಯಿಂದ ಸೋಲಿಸಿ ಫೆಡರೇಷನ್ ಕಪ್ ಗೆದ್ದದ್ದು ಎರಡು ವರ್ಷದ ಹಿಂದಿನ ಸಂಜೆಗೆ ಅರ್ಧ ಪ್ರಾಯಶ್ಚಿತ್ತವಾಯಿತು.

ಮತ್ತೆ ಅದೇ ಮೂಲೆ

2017ರಲ್ಲಿ ಕ್ಲಬ್ಬು ಇಂಡಿಯನ್ ಸೂಪರ್ ಲೀಗಿಗೆ ಸೇರಿತು. ಕುರೆಕುಪ್ಪದ ಬಳಿ ಮಕ್ಕಳ ವಸತಿ ಶಾಲೆ ಪ್ರಾರಂಭವಾದ ವರ್ಷವೂ ಇದೇ. ಹೊಸ ಲೀಗಿನಲ್ಲಿ ತಂಡ 18 ಪಂದ್ಯಗಳಿಂದ 40 ಅಂಕ ಗಳಿಸಿ ಪಟ್ಟಿಯ ತುದಿಯಲ್ಲಿ ನಿಂತಿತು. 2018ರ ಮಾರ್ಚ್ 17ರಂದು ಅಂತಿಮ ಪಂದ್ಯ, ಸ್ವಂತ ಮನೆಯಂಗಳ, ಎದುರಿಗೆ ಚೆನ್ನೈ ತಂಡ. ಕಾವೇರಿಯ ಎರಡು ದಡದವರ ಈ ಕದನಕ್ಕೆ ಕಂಠೀರವ ತುಂಬಿ ತುಳುಕಿತು.

9ನೆಯ ನಿಮಿಷದಲ್ಲೇ ಛೇತ್ರಿ ಮೊದಲ ಗೋಲು ಹೊಡೆದ. ಅನಂತರ ನಡೆದದ್ದು 2015ರ ಸಂಜೆಯ ಪುನರಾವರ್ತನೆಯೋ ಎಂಬಂತಿತ್ತು. 17ನೆಯ ನಿಮಿಷದಲ್ಲಿ ಚೆನ್ನೈಗೆ ಕಾರ್ನರ್ ಕಿಕ್. ಒದೆಯಲು ನಿಂತವನು ಹಾಲೆಂಡಿನ ಗ್ರೆಗರಿ ನೆಲ್ಸನ್. ತಲೆ ಕೊಟ್ಟವನು ಬ್ರೆಜಿಲಿನ ಮೈಲ್ಸನ್ ಆಲ್ವೆಸ್. ಕಸಬು ನಡುಬ್ಯಾಕ್! ವಿರಾಮಕ್ಕೆ ಸ್ವಲ್ಪ ಮೊದಲು, 45ನೆಯ ನಿಮಿಷದಲ್ಲಿ, ಅದೇ ಮೂಲೆ, ಅದೇ ನೆಲ್ಸನ್, ಅದೇ ಮೈಲ್ಸನ್. ದ್ವಿತೀಯಾರ್ಧದಲ್ಲಿ ರಫಾಯೆಲ್ ಅಗಸ್ಟೊ ಮೂರನೆಯದನ್ನು ಸೇರಿಸಿದ. ಮುಕ್ತಾಯದ ಗಳಿಗೆಯಲ್ಲಿ ಮೀಕು ಹೊಡೆದ ಗೋಲಿನಿಂದ ಅಂತರ ಮಾತ್ರ ಕಡಿಮೆಯಾಗಿ, ಪಂದ್ಯ 3-2ರಲ್ಲಿ ಚೆನ್ನೈ ಪಾಲಾಯಿತು. ಒಂದೇ ಅಂಗಣ, ಮೂರು ವರ್ಷಗಳ ಅಂತರದಲ್ಲಿ ಕೈತಪ್ಪಿದ ಎರಡು ಕಿರೀಟ. ಎರಡು ಬಾರಿಯೂ ಬಿರುಕು ಬಿಟ್ಟದ್ದು ಕಾರ್ನರ್ ಕಿಕ್ಕಿನಲ್ಲಿ, ಎರಡು ಬಾರಿಯೂ ಬಂದ ತಲೆ ಎದುರಾಳಿಯ ಕಾವಲುಗಾರನದು. ಲೀಗಿನ ಇಡೀ ವರ್ಷ ಆ ಬ್ಯಾಕ್ ಸಾಲು ತಡೆದ ನೂರಾರು ಚೆಂಡುಗಳ ಲೆಕ್ಕವನ್ನು ಆ ರಾತ್ರಿ ಯಾರೂ ಇಡಲಿಲ್ಲ. ಮರುತಿಂಗಳು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲನ್ನು 4-1ರಿಂದ ಸೋಲಿಸಿ ಸೂಪರ್ ಕಪ್ ತಂದದ್ದೂ ಆ ಗಾಯವನ್ನು ಮುಚ್ಚಲಿಲ್ಲ.

ಆ ಬೇಸಿಗೆಯಲ್ಲಿ ಜಾನ್ಸನ್ ಬೆಂಗಳೂರನ್ನು ಬಿಟ್ಟು ಕಲಕತ್ತೆಯ ಎ.ಟಿ.ಕೆ. ತಂಡಕ್ಕೆ ಹೋದ. ಅಹಮದ್ ಖಾನ್ ಮೊದಲಾದವರು ಎಪ್ಪತ್ತು ವರ್ಷಗಳ ಹಿಂದೆ ಹಿಡಿದ ದಾರಿಯನ್ನೇ ಈ ಇಂಗ್ಲಿಷಿನವನೂ ಹಿಡಿದನೆನ್ನಬೇಕು.

ಅವನಂಥವರ ಬಗ್ಗೆ ಒಂದು ಆಕ್ಷೇಪಣೆಯುಂಟು, ಅದು ನಿರಾಧಾರವಲ್ಲ. ನಡುಬ್ಯಾಕ್ ಮತ್ತು ಮುಂಚೂಣಿಯ ಸ್ಥಾನಗಳನ್ನು ಕ್ಲಬ್ಬುಗಳು ಪರದೇಶದವರಿಗೇ ಮೀಸಲಿಟ್ಟರೆ ನಮ್ಮ ಹುಡುಗರು ಆ ಸ್ಥಾನಗಳಲ್ಲಿ ಪಳಗುವುದಾದರೂ ಎಲ್ಲಿ? ಐದು ವರ್ಷ ಜಾನ್ಸನ್ ನಿಂತ ಜಾಗದಲ್ಲಿ ಶಿವಾಜಿನಗರದ ಅಥವಾ ಸಂಡೂರಿನ ಹುಡುಗ ನಿಲ್ಲಲಿಲ್ಲ. ಈ ಪ್ರಶ್ನೆಗೆ ಉತ್ತರ ಹೊರಡಬೇಕಾದದ್ದು ಕುರೆಕುಪ್ಪದ ಮಗ್ಗುಲಿನ ಮೈದಾನದಿಂದಲೇ. ಉತ್ತರದ ಮೊದಲಕ್ಷರಗಳು ಕಾಣಿಸಿವೆ. ಕ್ಲಬ್ಬಿನ ಕಿರಿಯರ ಸಾಲಿನಿಂದ ಮೇಲೆ ಬಂದ ಮಣಿಪುರದ ನಾವೊರೆಮ್ ರೋಷನ್ ಸಿಂಗ್ ಎಡಬ್ಯಾಕ್ ಆಗಿ 2021-22ರ ಲೀಗಿನ ಉದಯೋನ್ಮುಖ ಆಟಗಾರನೆಂಬ ಪ್ರಶಸ್ತಿ ಪಡೆದ. 2023ರ ಮಾರ್ಚ್ 4ರಂದು ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು. ಆದರೂ ಕನ್ನಡ ನಾಡಿನಲ್ಲಿ ಹುಟ್ಟಿ, ರಾಷ್ಟ್ರತಂಡದ ಒಳಸುತ್ತನ್ನು ದೀರ್ಘಕಾಲ ಕಾಯುವ ನಡುಬ್ಯಾಕ್ ಒಬ್ಬನಿಗಾಗಿ ಈ ನಾಡು ಇನ್ನೂ ದಾರಿ ನೋಡುತ್ತಿದೆ.

ಜಾನ್ಸನ್ನನ ಕಥೆಯಲ್ಲಿ ಒಂದು ಅಧ್ಯಾಯ ಬಾಕಿಯಿತ್ತು. 2020ರ ಮಾರ್ಚ್‌ನಲ್ಲಿ ಸೂಪರ್ ಲೀಗಿನ ಉಪಾಂತ್ಯದಲ್ಲಿ ಬೆಂಗಳೂರಿಗೆ ಎದುರಾದದ್ದು ಅವನಿದ್ದ ಎ.ಟಿ.ಕೆ. ತಂಡವೇ. ಕಂಠೀರವದ ಮೊದಲ ಪಂದ್ಯ ಬೆಂಗಳೂರಿಗೆ 1-0. ಕಲಕತ್ತೆಯ ಎರಡನೆಯದು ಎ.ಟಿ.ಕೆ.ಗೆ 3-1. ಒಟ್ಟು ಲೆಕ್ಕದಲ್ಲಿ ಒಂದು ಗೋಲಿನ ಅಂತರದಿಂದ ಹಳೆಯ ತಂಡ ಹೊರಬಿತ್ತು, ಹೊಸ ತಂಡ ಅಂತಿಮಕ್ಕೇರಿತು.

ಆ ಅಂತಿಮ ಪಂದ್ಯ ನಡೆದದ್ದು ಮಾರ್ಚ್ 14ರಂದು, ಆರು ವರ್ಷಗಳ ಹಿಂದೆ ಅವನು ಮೊದಲ ಕಿರೀಟ ಕಂಡ ಗೋವಾದಲ್ಲೇ. ಎದುರಿಗೆ ಅದೇ ಚೆನ್ನೈ ತಂಡ. ಎ.ಟಿ.ಕೆ. 3-1ರಿಂದ ಗೆದ್ದಿತು. ಎರಡು ವರ್ಷದ ಹಿಂದೆ ಕಂಠೀರವದಲ್ಲಿ ಚೆನ್ನೈ ಕಸಿದುಕೊಂಡ ಸೂಪರ್ ಲೀಗ್ ಕಿರೀಟ ಹೀಗೆ ಜಾನ್ಸನ್ನನ ಪಾಲಿಗೆ ಬಂದಿತು. ಆದರೆ ದೇಶದಲ್ಲಿ ಕೊರೋನಾ ಸಾಂಕ್ರಾಮಿಕ ಆಗಷ್ಟೇ ತಲೆಯೆತ್ತಿತ್ತು; ಪ್ರೇಕ್ಷಕರಿಗೆ ಪ್ರವೇಶ ನಿಷಿದ್ಧ. ಫತೋರ್ಡಾ ಕ್ರೀಡಾಂಗಣದ ಸಾವಿರಾರು ಕುರ್ಚಿಗಳು ಖಾಲಿಯಾಗಿದ್ದವು. ಆಟಗಾರರು ಒಬ್ಬರನ್ನೊಬ್ಬರು ಕೂಗಿ ಎಚ್ಚರಿಸುವ ಧ್ವನಿ ಮೈದಾನದ ಆಚೆ ಬದಿಗೂ ಕೇಳುತ್ತಿತ್ತು. ಬ್ಯಾಕ್ ಆಟಗಾರರು ತೊಂಬತ್ತು ನಿಮಿಷವೂ ಹಾಗೆ ಕೂಗುತ್ತಲೇ ಇರುತ್ತಾರೆ.